ಖಾರದ್ದೊಂದು, ಸಪ್ಪೆಯದೊಂದು

ಬಳಚು ಒಡೆಯುವಾಗ ಯಾರೂ ಫೋನ್ ಮಾಡಬಾರದು. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೂ ಎಲ್ಲರೂ ಸರಿಯಾಗಿ ಆಗಲೇ ಮಾಡುತ್ತಾರೆ. ನೀವೇ ಹೇಳಿ, ಮೆಟ್ಟುಗತ್ತಿಯ ಮಣೆಯ ಮೇಲೆ ಕಾಲು ಊರಿ ಕುಳಿತು, ಆ ಚಿಪ್ಪುಮೀನಿನ ಒಂದೊಂದೇ ಚಿಪ್ಪನ್ನು ಅಲಗಿಗೆ ಒತ್ತಿ ಬಾಯಿ ಬಿಡಿಸಿ, ಮಾಂಸವಿರುವ ಅರ್ಧವನ್ನು ಬೋಗುಣಿಗೂ ಖಾಲಿ ಅರ್ಧವನ್ನು ಬುಟ್ಟಿಗೂ ಹಾಕುತ್ತಿರುವಾಗ ಕೈಯೆಲ್ಲ ಹೊಳೆಯ ಕೆಸರು, ಉಪ್ಪುನೀರು, ಮತ್ತು ಸಾಬೂನು ಹಾಕಿದರೂ ಸಂಜೆಯವರೆಗೆ ಬಿಡದ ಆ ವಾಸನೆ. ಆ ಕೈಯಲ್ಲಿ ಫೋನ್ ಹಿಡಿಯುವುದು ಹೇಗೆ? ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಬೇಕು. ಕಳೆದ ಭಾನುವಾರ ಬೆಳಿಗ್ಗೆ ಹಾಗೆ ಒತ್ತಿದ ಫೋನಿನಿಂದ ನಮ್ಮ ಪಲ್ಲವಿಯ ಸ್ವರ ಬಂತು.

“ಚಿಕ್ಕೀ, ಮಧ್ಯಾಹ್ನ ಊಟಕ್ಕೆ ಬರ್ತೆ. ಸಂತಿಗೆ ಇಬ್ರು ಇದ್ದಾರೆ.”

“ಜೊತೆಗೆ ಬರೂ ಇಬ್ರು ಯಾರು?”

“ಮನೋಜ. ಹೇಳಿದ್ನಲ್ಲ ನಿಂಗೆ. ಮತ್ತೆ ಅವನ ಮಗಳು.”

ಮನೋಜನ ವಿಷಯ ಹೇಳಿದ್ದಳು, ಹೌದು. ಅಂಕೋಲೆಯಲ್ಲಿ ಟೈಲ್ಸ್ ಅಂಗಡಿ, ಫೋನಿನಲ್ಲೇ ಪರಿಚಯ, ನಾಲ್ಕಾರು ತಿಂಗಳಿಂದ ‘ನೋಡ್ತಾ ಇದ್ದೇವೆ’ ಅಂತ. ನಮ್ಮ ಕಾಲದಲ್ಲಿ ನೋಡುವುದು ಎಂದರೆ ಒಂದು ಮಧ್ಯಾಹ್ನದ ಕೆಲಸ. ಅವಲಕ್ಕಿ, ಚಹಾ, ತಲೆ ತಗ್ಗಿಸಿ ಎರಡು ಮಾತು, ಮುಗಿಯಿತು. ಇವರದ್ದು ನೋಡಿ ಮುಗಿಯುವುದೇ ಇಲ್ಲ. ಇರಲಿ. ಆದರೆ ಇಷ್ಟು ದಿನ ನೋಡಿದವಳು ನನಗೆ ಮಗಳ ಸುದ್ದಿಯನ್ನೇ ಹೇಳಿರಲಿಲ್ಲ.

“ಮಗಳು?” ಎಂದೆ. ಕೈಯಲ್ಲಿದ್ದ ಚಿಪ್ಪು ಅಲಗಿನ ಮೇಲೇ ನಿಂತಿತ್ತು.

“ಏಳು ವರ್ಷದ್ದು. ಅವನಿಗೆ ಡಿವೋರ್ಸ್ ಆಗದೆ. ಹುಡುಗಿ ಸ್ವಲ್ಪ ದಿನ ಅಲ್ಲಿ, ಸ್ವಲ್ಪ ದಿನ ಇಲ್ಲಿ. ಚಿಕ್ಕೀ, ಕೇಳ್ತಾ? ಬೈಯೂದಾದ್ರೆ ಸಂಜೆ ಬೈ. ಈಗ ಪಕ್ಕಕ್ಕೇ ಕೂತಿದ್ದಾನೆ, ಎಲ್ಲಾ ಕೇಳ್ತದೆ.”

ಫೋನ್ ಇಟ್ಟಳು. ಬೆರಳು ಕೊಯ್ದುಕೊಳ್ಳಲಿಲ್ಲ ಎಂಬುದೊಂದೇ ಆ ಕ್ಷಣದಲ್ಲಿ ದೇವರು ನನಗೆ ಮಾಡಿದ ಉಪಕಾರ. ಅಷ್ಟಕ್ಕೇ ಕೈಮುಗಿದೆ, ಕೆಸರು ಕೈಯಲ್ಲೇ.

ನಿಮಗೆ ಪಲ್ಲವಿ ಯಾರೆಂದು ಹೇಳಬೇಕು. ಅವಳು ನನ್ನ ಹಿರಿಯ ಮಗಳು, ನಾನು ಹೆತ್ತವಳಲ್ಲ, ಅದಕ್ಕೇ ನಾನು ಅವಳಿಗೆ ‘ಚಿಕ್ಕಿ’. ನನ್ನ ಮೊದಲ ಗಂಡ ಜ್ವರದಲ್ಲಿ ತೀರಿಕೊಂಡಾಗ ನಮ್ಮ ದೀಪಾ ಇನ್ನೂ ತೆವಳುತ್ತಿದ್ದಳು. ಅವಳಿಗೆ ಐದಾಗುವಷ್ಟರಲ್ಲಿ ನನ್ನ ಅಣ್ಣ ಎಲ್ಲಿಂದಲೋ ಬಿಣಗಾದ ಈ ಸಂಬಂಧ ತಂದ. ಫ್ಯಾಕ್ಟರಿಯಲ್ಲಿ ಕೆಲಸ, ಹೆಂಡತಿ ತೀರಿಹೋಗಿದ್ದಾಳೆ, ಒಂಬತ್ತು ವರ್ಷದ ಹುಡುಗಿ ಇದೆ, ಮಾತು ಕಡಿಮೆ ಎಂದ. ಹುಡುಗಿಯದ್ದೋ ಗಂಡನದ್ದೋ ಎಂದು ನಾನು ಕೇಳಲಿಲ್ಲ. ಬಂದ ಮೇಲೆ ಇಬ್ಬರದ್ದೂ ಎಂದು ತಿಳಿಯಿತು. ನಮ್ಮ ಇವರಿಗೆ ಇರುವುದು ಒಂದೇ ಮಾತು: “ನೋಡ್ವ.” ಮಾಡು ಸೋರುತ್ತದೆ ಎಂದರೆ ನೋಡ್ವ, ಹಾವು ಬಂತು ಎಂದರೂ ನೋಡ್ವ. ಅಷ್ಟರಲ್ಲಿ ಹಾವೇ ಬೇಸತ್ತು ಹೋಗಿರುತ್ತದೆ.

ಆ ಹುಡುಗಿಯನ್ನು ಅಷ್ಟು ದಿನ ಸಾಕಿದವರು ಚಿತ್ತಾಕುಲದಲ್ಲಿರುವ ನನ್ನ ಅತ್ತಿಗೆ, ಅಂದರೆ ಇವರ ಅಕ್ಕ ಸುಮಿತ್ರಾ. ಒಳ್ಳೆಯ ಹೆಂಗಸು, ಎದೆಯಲ್ಲಿ ಬೆಲ್ಲ, ಬಾಯಲ್ಲಿ ಮೆಣಸು. ಅಡಿಗೆಯಲ್ಲಿಯೂ ಮೆಣಸು. ಅವರ ಕೈಯಡಿಗೆ ತಿಂದು ಬೆಳೆದ ಪಲ್ಲವಿಗೆ ಕಣ್ಣಲ್ಲಿ ನೀರು ಬಾರದ ಆಸೆ ಆಸೆಯೇ ಅಲ್ಲ. (ಆಸೆ ಎಂದರೆ ನಮ್ಮಲ್ಲಿ ಮೀನು ಸಾರು, ನಿಮಗೆ ಗೊತ್ತಿರಲಿ.) ನನ್ನ ದೀಪಾಳಿಗೋ ಮೆಣಸಿನ ವಾಸನೆಗೇ ಬಿಕ್ಕಳಿಕೆ. ಮೊದಲ ದಿನ ನಾನು ಮಧ್ಯಮ ಹದದಲ್ಲಿ ಒಂದು ಆಸೆ ಮಾಡಿಟ್ಟೆ, ಇಬ್ಬರಿಗೂ ನ್ಯಾಯವಾಗಲಿ ಅಂತ. ಪಲ್ಲವಿ ಒಂದು ತುತ್ತು ಬಾಯಿಗಿಟ್ಟು, “ಇದು ತೊಳ್ದ ನೀರು” ಎಂದಳು. ದೀಪಾ ಅದೇ ತುತ್ತಿಗೆ ‘ಆಯೀ’ ಎಂದು ಕಿರುಚಿ ಸಕ್ಕರೆ ಡಬ್ಬಿಗೆ ಓಡಿದಳು. ಇವರು ಇಬ್ಬರನ್ನೂ ನೋಡಿ, ತಟ್ಟೆ ನೋಡಿ, ನೋಡ್ವ ಎಂದರು.

ಮರುದಿನದಿಂದ ಎರಡು ಪಾತ್ರೆ. ಖಾರದ್ದೊಂದು, ಸಪ್ಪೆಯದೊಂದು. ಎರಡು ಸಲ ಅರೆಯುವುದು, ಎರಡು ಒಗ್ಗರಣೆ, ಎರಡು ಸೌಟು. ಸೌಟು ಅದಲು ಬದಲಾದರೆ ಆ ದಿನ ಮಹಾಭಾರತ. ಎರಡು ಮನೆ ಸೇರಿ ಒಂದಾಗುವುದು ಎಂದು ಹೇಳುತ್ತಾರಲ್ಲ, ಅದು ಮಂಟಪದಲ್ಲಿ ಆಗುವುದಿಲ್ಲ, ಸಿಂಕಿನಲ್ಲಿ ಆಗುತ್ತದೆ. ಪಾತ್ರೆ ತಿಕ್ಕಿದವಳಿಗೆ ಗೊತ್ತು.

ಪಲ್ಲವಿ ತನ್ನನ್ನು ಮುಟ್ಟಗೊಡುತ್ತಿರಲಿಲ್ಲ. ತಲೆ ತುಂಬ ಹೇನು, ಹಗಲಿಡೀ ಕೆರೆತ. ಸೀರಣಿಗೆ ಹಿಡಿದು ನಾನು ಹತ್ತಿರ ಹೋದರೆ ಬಾವಿಕಟ್ಟೆ ಸುತ್ತುತ್ತಿದ್ದಳು. ಒಂದು ದಿನ ನಾನೇ ಸೋತು ಹಿಂದಿನ ಮೆಟ್ಟಿಲ ಮೇಲೆ ದೀಪಾಳ ತಲೆ ಬಾಚುತ್ತ ಕುಳಿತೆ. ಅವಳ ತಲೆಯಲ್ಲಿ ಏನೂ ಇರಲಿಲ್ಲ, ಸುಮ್ಮನೆ ಕುಕ್ಕುತ್ತಿದ್ದೆ. ಬಹಳ ಹೊತ್ತಿನ ಮೇಲೆ ಪಲ್ಲವಿ ಬಂದು ಒಂದು ಮೆಟ್ಟಿಲು ಕೆಳಗೆ ನನಗೆ ಬೆನ್ನು ಮಾಡಿ ಕುಳಿತಳು. ಸಂಜೆಯ ದೀಪ ಹಚ್ಚುವ ಹೊತ್ತಿನವರೆಗೆ ಅವಳ ಹೇನು ಕುಕ್ಕಿದೆ. ಆ ದಿನ ದೇವರ ಮುಂದೆ ಎರಡು ಬತ್ತಿ ಹೆಚ್ಚು ಇಟ್ಟೆ. ಹೇನಿಗೆಲ್ಲ ಯಾರಾದರೂ ದೇವರಿಗೆ ಉಪಕಾರ ಹೇಳುತ್ತಾರಾ ಎಂದು ನೀವು ನಗಬಹುದು. ನಾನು ಹೇಳಿದ್ದೇನೆ.

ದೇವರ ಕೋಣೆಯ ಬಾಗಿಲಿನ ಮೇಲೆ ಪಲ್ಲವಿಯ ತಾಯಿಯ ಫೋಟೋ ಇದೆ. ನಾನು ಅವಳನ್ನು ‘ಅಕ್ಕ’ ಎನ್ನುತ್ತೇನೆ. ದಿನಾ ಒಂದು ಹೂವು ಇಡುತ್ತೇನೆ, ಮೈ ಕೈ ಸರಿ ಇಲ್ಲದ ದಿನ ಸ್ವಲ್ಪ ಬೈಯುತ್ತೇನೆ ಕೂಡ. ಅವಳು ತಿರುಗಿ ಮಾತಾಡುವುದಿಲ್ಲ. ಸಂಸಾರದಲ್ಲಿ ಅದೂ ಒಂದು ಪುಣ್ಯ.

ಇರಲಿ, ಬಳಚಿಗೆ ಬರುತ್ತೇನೆ. ಎರಡು ವರ್ಷದ ಹಿಂದೆಯೂ ನಾನು ಹೀಗೆಯೇ ಬಳಚು ಒಡೆಯುತ್ತ ಕುಳಿತಿದ್ದಾಗ ಪಲ್ಲವಿ ಕಾರವಾರದಿಂದ ಫೋನ್ ಮಾಡಿದ್ದಳು. ಅವಳು ಅಲ್ಲಿನ ಒಂದು ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತಾಳೆ.

“ಚಿಕ್ಕೀ, ನಾ ಮತ್ತೆ ಸುಹಾಸ ಬಿಟ್ಟಾಯ್ತು.”

“ಎಂತದು ಬಿಟ್ಟದ್ದು? ಬಸ್ಸಾ?”

“ಒಬ್ಬರನ್ನೊಬ್ಬರು. ಬ್ರೇಕಪ್. ಮದುವೆ ಇಲ್ಲ. ಕಾರಣ ಎಂತ ಹೇಳಿ ಕೇಳ್ಬೇಡ. ಹೊಂದಾಣಿಕೆ ಆಗ್ಲಿಲ್ಲ.”

ಸುಹಾಸ ಅಮದಳ್ಳಿಯ ಹುಡುಗ. ಮೂರು ವರ್ಷದ ಪ್ರೀತಿ. ಅವನ ಮೋಟಾರ್‌ಸೈಕಲ್ಲಿನ ಸದ್ದು ನಮ್ಮ ನಾಯಿಗೂ ಪಾಠವಾಗಿತ್ತು, ಬೊಗಳುತ್ತಿರಲಿಲ್ಲ. ಎರಡೂ ಮನೆಯವರು ಒಪ್ಪಿ ಮಾತಾಗಿತ್ತು. ಮೂರು ವರ್ಷ ಹೊಂದಿದ್ದು ಒಂದು ವಾರದಲ್ಲಿ ಹೊಂದದೇ ಹೋಗುವುದು ಹೇಗೆ? ನನ್ನ ಸಿಟ್ಟು ನೆತ್ತಿಗೇರಿತು. ಯಾಕೆಂದರೆ, ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ಮದುವೆಗೆ ನಾನು ದೇವಿಯ ಮಾತು ತಂದಿದ್ದೆ.

ನಮ್ಮ ಬದಿಗೆ ಮದುವೆ ಮಾತು ಗಟ್ಟಿ ಮಾಡುವ ಮೊದಲು ದೇವರಲ್ಲಿ ಪ್ರಸಾದ ಕೇಳುವ ಪದ್ಧತಿ. ದೇವಸ್ಥಾನದ ಪೂಜಾರಿ ಗುನಗರು ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ಮೂರ್ತಿಗೆ ಅಂಟಿಸಿ ನಮ್ಮ ಪರವಾಗಿ ಕೇಳುತ್ತಾರೆ. ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ಮಾತು ಶುರುವಾದ ಕೂಡಲೇ ನಾನು ಅಂಕೋಲೆಯ ಬಸ್ಸು ಹತ್ತಿ ನನ್ನ ತವರಿನ ದೇವಿಯ ಮುಂದೆ ನಿಂತೆ. ಎಸಳು ಅಂಟಿಸುವುದೇ ತಡ, ಬಲಕ್ಕೆ ಬಿತ್ತು. “ಅಮ್ಮ ನಗ್ತಾ ಕೊಟ್ಳು ಮಗಾ” ಎಂದರು ಗುನಗರು. ನನಗೆ ರೆಕ್ಕೆ ಬಂದ ಹಾಗಾಯಿತು. ಬಸ್ಸಿನಲ್ಲಿಯೇ ಸುಮಿತ್ರತ್ತಿಗೆಗೆ ಫೋನ್ ಮಾಡಿದೆ.

ಆ ಕಡೆಯಿಂದ ಮೆಣಸೇ ಬಂತು.

“ನಿನ್ನ ತವರಿನ ದೇವಿಗೆ ನಮ್ಮ ಹುಡ್ಗಿ ಗುರ್ತ ಎಲ್ಲಿಂದ ಗೋ? ಅದು ಹುಟ್ಟಿದ್ದು ಯಾರ ಕುಳದಲ್ಲಿ? ನಮ್ಮ ದೇವರು ಇಲ್ಲಿ ಚಿತ್ತಾಕುಲದಲ್ಲಿ ಕಣ್ಣು ಬಿಟ್ಕಂಡು ಕೂತಿದ್ದಾನೆ, ಅಂವನ್ನ ಬಿಟ್ಟು ಊರೆಲ್ಲಾ ಕೇಳ್ಕಂಡು ಬಂದ್ಯಾ?”

“ದೇವಿ ಎಲ್ಲಾ ಕಡೆ ಒಬ್ಳೇ ಅಲ್ದಾ ಅತ್ಗೇ?”

“ಒಬ್ಳೇ ಆದ್ರೆ ನೀ ಅಷ್ಟು ದೂರ ಬಸ್ಸಿಗೆ ಹೋದ್ದು ಎಂತಕ್ಕೆ?”

ಅತ್ತಿಗೆ ಮರುದಿನ ಮಿಂದು ಹೋಗಿ ತಮ್ಮ ದೇವರಲ್ಲಿ ಕೇಳಿದರು. ಎಸಳು ಎಡಕ್ಕೆ ಬಿತ್ತು. ಈಗ ಏನು ಮಾಡುತ್ತೀರಿ? ಕಾಳಿ ಹೊಳೆಯ ಆಚೆ ಒಬ್ಬ ದೇವರು ಬೇಡ ಎನ್ನುತ್ತಾನೆ, ಈಚೆ ಒಬ್ಬಳು ನಗುತ್ತಾ ಕೊಡುತ್ತಾಳೆ, ನಡುವೆ ಬಿಣಗಾದಲ್ಲಿ ಒಬ್ಬ ಮನುಷ್ಯ ಪೇಪರ್ ಓದುತ್ತ ನೋಡ್ವ ಎನ್ನುತ್ತಾನೆ. ಅಷ್ಟೆಲ್ಲ ಆಗುವಾಗ ಆ ಹುಡುಗ ಹುಡುಗಿ ಯಾವ ದೇವರನ್ನೂ ಕೇಳದೆ ಐಸ್‌ಕ್ರೀಮ್ ತಿನ್ನುತ್ತ ಬೀಚಿನಲ್ಲಿ ಕುಳಿತಿದ್ದರು. ಬುದ್ಧಿವಂತರು ಅವರೇ ಇರಬೇಕು.

ಎಡಕ್ಕೆ ಬಿದ್ದದ್ದಕ್ಕೆ ಪರಿಹಾರವನ್ನು ಅತ್ತಿಗೆಯೇ ಹುಡುಕಿದ್ದರಂತೆ. ನನಗೆ ಅದು ಗೊತ್ತಾದದ್ದು ಎಲ್ಲ ಮುರಿದು ಬಿದ್ದ ಮೇಲೆ. ಅಲ್ಲಿಯವರೆಗೆ, ಎಂದರೆ ಒಂದು ವಾರ, ಪಲ್ಲವಿ ಎದುರಿಗೆ ಸಿಕ್ಕಾಗಲೆಲ್ಲ ನಾನು ಬೈದೆ. ಆ ಹುಡುಗನಂಥವನು ಸಿಗುತ್ತಾನಾ ಎಂದೆ. ನಿನ್ನ ಮೂಗಿನ ಮೇಲಿನ ಸಿಟ್ಟಿಗೆ ಇನ್ನು ಯಾರು ಬರುತ್ತಾರೆ ಎಂದೆ. ಫೋಟೋದ ಮುಂದೆ ನಿಂತು, “ಅಕ್ಕಾ, ನಿನ್ನ ಮಗ್ಳು, ನೀನೇ ನೋಡ್ಕೋ, ನನ್ನ ಕೈಲಿ ಆಗೂದಿಲ್ಲ” ಎಂದು ಅವಳಿಗೆ ಕೇಳುವ ಹಾಗೆಯೇ ಹೇಳಿದೆ. ಅವಳು ಅನ್ನ ಕಲಸುತ್ತ ತಲೆ ಎತ್ತಲಿಲ್ಲ. ಬೈಗುಳಕ್ಕೆ ಬೈಗುಳ ಕೊಡುವ ಹುಡುಗಿ ಸುಮ್ಮನಿದ್ದರೆ ಬೈಯುವವಳಿಗೆ ಎಷ್ಟು ಸುಸ್ತಾಗುತ್ತದೆ, ಅನುಭವವಿದ್ದವರಿಗೆ ಗೊತ್ತು.

ಕೊನೆಗೆ ಬಾಯಿ ಬಿಟ್ಟವಳು ದೀಪಾ. ಇಬ್ಬರೂ ಬಟ್ಟೆ ಒಣಗಿಸುತ್ತಿದ್ದೆವು. ನಾನು ನನ್ನ ವರಾತ ಹಚ್ಚಿಕೊಂಡಿದ್ದೆ. ದೀಪಾ ಒದ್ದೆ ಲುಂಗಿಯನ್ನು ತಂತಿಯ ಮೇಲೆ ಎಸೆದು, “ಆಯೀ, ಸಾಕು ಮಾಡು. ಪಲ್ಲವಿ ಅಕ್ಕ ಅಂವನ್ನ ಬಿಟ್ಟದ್ದು ನಿನ್ನ ದೆಸೆಯಿಂದ” ಎಂದಳು.

ಆದದ್ದು ಇಷ್ಟು. ದೇವರಿಗೆ ಸಮಾಧಾನವಾಗಬೇಕಾದರೆ ಆ ಕುಳದಲ್ಲಿ, ಎಂದರೆ ಮನೆತನದಲ್ಲಿ, ಹುಟ್ಟಿದ ಹೆಂಗಸೇ ಧಾರೆ ಎರೆಯಬೇಕು, ತಾನೂ ತನ್ನ ಗಂಡನೂ ಮಂಟಪದಲ್ಲಿ ಕೂರುತ್ತೇವೆ ಎಂದು ಅತ್ತಿಗೆ ಹುಡುಗನ ತಾಯಿಗೆ ಹೇಳಿ ಕಳಿಸಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಹೇಗಾದರೂ ಮದುವೆ ಆಗಲಿ ಅಂತ. ಆ ತಾಯಿ ಅದನ್ನು ಎತ್ತಿ ಹಿಡಿದರು, ಆದರೆ ಅವರ ಕಾರಣ ಬೇರೆ. ಒಂದು ಸಲ ಕುಂಕುಮ ಅಳಿಸಿಕೊಂಡವಳು ಧಾರೆಗೆ ಕೂತರೆ ತಮ್ಮ ಮಗನಿಗೆ ಒಳ್ಳೆಯದಲ್ಲ, ಅವಳು ಅಡಿಗೆ ಬದಿ ನೋಡಿಕೊಳ್ಳಲಿ, ಮಂಟಪದ ಹತ್ತಿರ ಬರುವುದು ಬೇಡ ಎಂದರು. ಇದನ್ನು ಹೇಳಿದ್ದು ಪಲ್ಲವಿಯ ಎದುರಿಗೇ, ಅವಳು ಅಮದಳ್ಳಿಗೆ ಚಹಾಕ್ಕೆ ಹೋಗಿದ್ದಾಗ.

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಸಂಜೆ ಪಲ್ಲವಿ ಹಿಂದಿನ ಮೆಟ್ಟಿಲ ಮೇಲೆ ಕುಳಿತಿದ್ದಾಗ ಹೋಗಿ ಎದುರಿಗೆ ನಿಂತೆ.

“ಯಾರು ಹೇಳಿದ್ರು ನಿಂಗೆ ಹೀಗೆ ಮಾಡೂಕೆ? ನಾ ಬಂದು ಕೇಳಿದ್ನಾ? ಧಾರೆ ಎರೀಲಿಲ್ಲ ಹೇಳಿ ನಾ ಸತ್ತು ಹೋಗ್ತಿದ್ನಾ? ಅಡಿಗೆ ಬದಿ ಕೂತು ನಾಕು ಲೋಟ ಪಾಯ್ಸ ಕುಡೀತಿದ್ದೆ!”

“ನಿಂಗೆ ಪಾಯ್ಸ ಸೇರೂದಿಲ್ಲ.”

“ಮಾತು ತಿರುಗಿಸ್ಬೇಡ!”

ಅವಳು ಕಾಲಿನ ಸೊಳ್ಳೆ ಹೊಡೆದುಕೊಂಡಳು. “ನಿಂಗಾಗಿ ಬಿಟ್ಟೆ ಹೇಳಿ ಅಷ್ಟು ದೊಡ್ಡಸ್ತಿಕೆ ಮಾಡ್ಕಳ್ಬೇಡ ಚಿಕ್ಕೀ. ಅವರಮ್ಮ ಹೇಳಿದ್ದು ಹೇಳಿದ್ರು, ಅದು ಅವರ ಕಾಲ. ಅಂವ ಎದುರಿಗೇ ಕೂತಿದ್ದ. ‘ಒಂದು ತಾಸಿನ ಮಾತು, ಅಡ್ಜಸ್ಟ್ ಮಾಡ್ಕೊ’ ಅಂದ. ಅಂದ್ಕಂಡು ಚಹಾ ಕುಡೀತಾನೇ ಇದ್ದ. ಚಕ್ಕುಲಿ ಅದ್ದಿ ಅದ್ದಿ ತಿಂದ. ನಾಳೆ ನಂಗೆ ಯಾರಾದ್ರೂ ಎಂತಾದ್ರೂ ಅಂದ್ರೂ ಅಂವ ಹಾಗೇ ಚಕ್ಕುಲಿ ತಿಂತಾನೆ.”

ನಾನು ಸೆರಗಿನಿಂದ ಸೊಳ್ಳೆ ಓಡಿಸಿದೆ.

“ಮತ್ತೆ,” ಎಂದಳು, ಇನ್ನೊಂದು ಸೊಳ್ಳೆಯ ಕಡೆ ನೋಡುತ್ತ, “ನನ್ನ ತಲೆಯ ಹೇನು ತೆಗ್ದದ್ದು ಯಾರು, ಸುಹಾಸನ ಅಮ್ಮನಾ? ಬೇರೆ ಯಾರಾದ್ರೂ ತೆಗ್ದಿದ್ರೆ ಅವರು ಬಂದು ಧಾರೆ ಎರೀಲಿ.”

“ಒಳಗೆ ಬಾ, ಸೊಳ್ಳೆ ಕಚ್ಚಿ ಜ್ವರ ಬಂದ್ರೆ ಅದಕ್ಕೂ ನಾನೇ ಬೇಕು” ಎಂದು ಬೈದು ಒಳಗೆ ಬಂದೆ. ಅಕ್ಕನ ಫೋಟೋದ ಮುಂದೆ ನಿಂತೆ. ವಾರವಿಡೀ ಅವಳನ್ನೂ ಬೈದಿದ್ದೆನಲ್ಲ, ಮುಖ ಎತ್ತಿ ನೋಡಲು ನಾಚಿಕೆಯಾಯಿತು. ಒಣಗಿದ ಹೂವು ತೆಗೆದು ಹೊಸದು ಇಟ್ಟೆ.

ಆ ರಾದ್ಧಾಂತದ ಮೇಲೆ ಎರಡು ವರ್ಷ ಮನೆಯಲ್ಲಿ ಯಾರೂ ಮದುವೆ ಎಂಬ ಶಬ್ದ ಎತ್ತಲಿಲ್ಲ. ಸುಮಿತ್ರತ್ತಿಗೆ ಮಾತ್ರ ತಿಂಗಳಿಗೊಮ್ಮೆ ಫೋನ್ ಮಾಡಿ, “ನಾ ಒಳ್ಳೇದಕ್ಕೇ ಹೇಳಿದ್ದು ಗೋ” ಎಂದು ಅಳುತ್ತಿದ್ದರು. ಅವರನ್ನು ಸಮಾಧಾನ ಮಾಡುವುದೂ ನನ್ನದೇ ಕೆಲಸವಾಯಿತು. ನೋಡಿ, ಹೇಗಿದೆ. ನನ್ನನ್ನು ಮಂಟಪದಿಂದ ಎಬ್ಬಿಸಿದವರಿಗೆ ನಾನು ಧೈರ್ಯ ಹೇಳಬೇಕು. ಆದರೆ ತಾಯಿಯಿಲ್ಲದ ಕೂಸನ್ನು ನಾನು ಬರುವವರೆಗೆ ಉಣಿಸಿ ಬೆಳೆಸಿದವರು ಅವರು. ಖಾರ ಸ್ವಲ್ಪ ಹೆಚ್ಚಾಯಿತು, ಅಷ್ಟೆ.

ಅಷ್ಟೆಲ್ಲ ಆದ ಮೇಲೆ ಈಗ ಈ ಮನೋಜ. ಊರಿನ ಅಷ್ಟೂ ಗಂಡುಗಳನ್ನು ಬಿಟ್ಟು ಮಗಳಿರುವ ಗಂಡೇ ಬೇಕಿತ್ತಾ ಇವಳಿಗೆ? ಬೋಗುಣಿ ಮುಂದಿಟ್ಟುಕೊಂಡು ಗಟ್ಟಿಯಾಗಿಯೇ ಕೇಳಿದೆ. ಹೊರಗೆ ಪೇಪರ್ ಓದುತ್ತಿದ್ದ ಇವರು, “ಎಂತಾ?” ಎಂದರು.

“ನಿಮ್ಮ ಮಗ್ಳು ಚಿಕ್ಕಿ ಆಗೂಕೆ ಹೊರಟಿದಾಳೆ.”

ಇವರು ಪೇಪರ್ ಮಡಚಿದರು. ನಾನು ನೋಡ್ವ ಎಂಬ ಮಾತಿಗೆ ಸಿದ್ಧಳಾಗಿ ಕುಳಿತೆ. ಅದನ್ನು ಹೇಳಿದ್ದರೆ ಒಂದು ಚಿಪ್ಪು ಎಸೆಯುವವಳಿದ್ದೆ. ಇವರು ಬಾಗಿಲವರೆಗೆ ಬಂದು, ಬಹಳ ಯೋಚನೆ ಮಾಡಿ, “ಅದಕ್ಕೆ ಗೊತ್ತದೆ. ಮನೆಯಲ್ಲೇ ನೋಡಿದ್ದಲ್ದಾ” ಎಂದು ಹೇಳಿ ಮತ್ತೆ ಹೋಗಿ ಕುಳಿತರು. ಇಪ್ಪತ್ತು ವರ್ಷದಲ್ಲಿ ಇಷ್ಟು ಉದ್ದ ಮಾತು ಕೇಳಿದ್ದು ಅಪರೂಪ.

ಮನೆಯಲ್ಲೇ ನೋಡಿದ್ದಂತೆ. ಏನು ನೋಡಿದ್ದಾಳೆ? ಬಾವಿಕಟ್ಟೆ ಸುತ್ತಿದ್ದು ಅವಳು. ಸೀರಣಿಗೆ ಹಿಡಿದು ನಿಂತವಳಿಗೆ ಏನಾಗುತ್ತಿತ್ತು ಎಂದು ಅವಳಿಗೇನು ಗೊತ್ತು? ‘ಇದು ತೊಳ್ದ ನೀರು’ ಎಂದು ತಟ್ಟೆ ಸರಿಸಿದ ಮೇಲೆ ಆ ತಟ್ಟೆ ತೊಳೆದವಳು ಸಿಂಕಿನ ಮುಂದೆ ಎಷ್ಟು ಹೊತ್ತು ನಿಂತಿದ್ದಳು ಎಂದು ಗೊತ್ತಾ? ಅದಾದರೂ ನನ್ನದು ಸಸಾರ. ನಾನು ಫೋಟೋದಲ್ಲಿ ಇರುವವಳ ಸಂತಿಗೆ ಸಂಸಾರ ಮಾಡಿದೆ. ಇವಳು ದಿನಾ ಫೋನ್ ಮಾಡುವವಳ ಸಂತಿಗೆ ಮಾಡಬೇಕು. ಹೂವು ಇಟ್ಟು ಕೈಮುಗಿದರೆ ಆ ತಾಯಿ ಸುಮ್ಮನಾಗುತ್ತಾಳಾ?

ಮೊದಲಿನ ಅಭ್ಯಾಸದಲ್ಲಿ ಮನಸ್ಸು ಅಂಕೋಲೆಯ ಬಸ್ಸು ಹತ್ತಿತು. ಹೋಗಿ ಒಂದು ಪ್ರಸಾದ ಕೇಳಿ ಬರಲಾ? ಆಮೇಲೆ ಅತ್ತಿಗೆಗೆ ತಿಳಿಯುತ್ತದೆ, ಅವರು ಮಿಂದು ಹೊರಡುತ್ತಾರೆ, ಒಂದು ಬಲಕ್ಕೆ, ಒಂದು ಎಡಕ್ಕೆ. ಸಾಕಪ್ಪಾ. ಹೊಳೆಯ ಆಚೆ ಈಚೆ ಇಬ್ಬರೂ ಸುಖವಾಗಿರಲಿ. ಈ ಸಲ ಕೇಳುವುದೇನೂ ಇಲ್ಲ, ಹೇಳುವುದು ಮಾತ್ರ ಎಂದುಕೊಂಡೆ. ಕುಳಿತಲ್ಲಿಂದಲೇ ದೇವರ ಕೋಣೆಯ ಕಡೆ ಮುಖ ಮಾಡಿ, “ಆ ಹುಡ್ಗಿ ಒಂದು ತುತ್ತು ಉಣ್ಲಿ” ಎಂದೆ. ಯಾವ ಹುಡುಗಿ ಎಂದು ಹೇಳಲಿಲ್ಲ. ದೊಡ್ಡವಳಿಗೂ ಸಣ್ಣವಳಿಗೂ ಅನ್ವಯಿಸುವುದಾದರೆ ಅನ್ವಯಿಸಲಿ.

ಅಷ್ಟರಲ್ಲಿ ಫೋನ್ ಮತ್ತೆ ಬಡಿದುಕೊಂಡಿತು. ಮೊಣಕೈಯಿಂದ ಒತ್ತಿದೆ.

“ಚಿಕ್ಕೀ, ಒಂದು ಹೇಳೂದು ಮರ್ತೆ.” ಸ್ವರ ತಗ್ಗಿಸಿದ್ದಳು, ಬಹುಶಃ ಎಲ್ಲೋ ಆಚೆ ಹೋಗಿ ಮಾತಾಡುತ್ತಿದ್ದಳು. “ಆ ಹುಡ್ಗಿ ಖಾರ ತಿನ್ನೂದಿಲ್ಲ. ಹೋದ ವಾರ ನಾ ಮಾಡಿದ್ದನ್ನ ಬಾಯಿಗೂ ಇಡ್ಲಿಲ್ಲ. ತಟ್ಟೆ ಸರಿಸ್ತು.”

“ನೀ ಎಂತ ಮಾಡ್ದೆ?”

“ಎಂತ ಮಾಡೂದು? ತಟ್ಟೆ ತೊಳ್ದೆ.” ಹಿಂದೆ ಹೆದ್ದಾರಿಯ ಲಾರಿಗಳ ಸದ್ದು. “ಚಿಕ್ಕೀ, ನಾನೂ ಹಾಗೇ ಮಾಡ್ತಿದ್ನಾ?”

“ಇಲ್ಲ,” ಎಂದೆ. “ನೀ ಇದಕ್ಕಿಂತ ಕಷ್ಟ.”

ಅವಳು ನಕ್ಕಳು. ನಗುವಿನ ಕೊನೆ ಸ್ವಲ್ಪ ಒದ್ದೆ ಇತ್ತು, ನನಗೆ ಕೇಳಿಸಿತು, ಕೇಳಿಸದವಳ ಹಾಗೆ ಇದ್ದೆ. “ಒಂದು ಗಂಟೆಗೆ ಬನ್ನಿ. ತಡ ಮಾಡಿದ್ರೆ ಬಳಚು ರಬ್ಬರ್ ಆಗ್ತದೆ” ಎಂದು ಬೈದು ಫೋನ್ ಆರಿಸಿದೆ.

ಉಳಿದ ಚಿಪ್ಪು ಒಡೆದು ಮುಗಿಸಿ ಕೈ ತೊಳೆದೆ. ಅಟ್ಟದ ಮೇಲಿಂದ ಹಳೆಯ ಸಣ್ಣ ಪಾತ್ರೆ ಇಳಿಸಬೇಕಾಯಿತು. ಈ ಮನೆಯಲ್ಲಿ ಎರಡು ಪಾತ್ರೆಯ ಕಾಲ ಯಾವಾಗ ಮುಗಿಯಿತು ಎಂದು ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಒಂದು ದಿನ ಪಲ್ಲವಿ ಸಪ್ಪೆಯದನ್ನು ಬಡಿಸಿಕೊಂಡಿರಬೇಕು, ಇನ್ನೊಂದು ದಿನ ದೀಪಾ ಖಾರದ್ದಕ್ಕೆ ಕೈ ಹಾಕಿರಬೇಕು. ಅಷ್ಟು ವರ್ಷ ಅದಕ್ಕಾಗಿ ಹರಕೆ ಹೊತ್ತವಳು ಅದು ಆದ ದಿನ ಗಮನಿಸಲೂ ಇಲ್ಲ. ಪಾತ್ರೆಯ ತಳದಲ್ಲಿ ಧೂಳು ಕಟ್ಟಿ, ಒಂದು ಜೇಡ ಸಂಸಾರ ಹೂಡಿತ್ತು. ಅದನ್ನು ಬೈದು ಹೊರಗೆ ಹಾಕಿ, ಹುಣಸೆ ಹಣ್ಣು ಹಾಕಿ ತಿಕ್ಕಿದೆ.

ಆಮೇಲೆ ಕಾಯಿ ಒಡೆದೆ. ಒಳಗೆ ಬೆಳ್ಳಗೆ, ಗಟ್ಟಿಯಾಗಿತ್ತು, ಕೊಳೆತಿರಲಿಲ್ಲ. ಅದಕ್ಕೂ ಒಂದು ನಮಸ್ಕಾರ. ತುರಿದು ಎರಡು ಪಾಲು ಮಾಡಿದೆ. ಮೆಣಸು ಹಾಕದ ಪಾಲನ್ನು ಮೊದಲು ಮಿಕ್ಸಿಗೆ ಹಾಕಬೇಕು. ತಪ್ಪಿ ಖಾರದ್ದನ್ನು ಮೊದಲು ಅರೆದರೆ ಎಷ್ಟು ತೊಳೆದರೂ ಜಾರಿನಲ್ಲಿ ಘಾಟು ಉಳಿಯುತ್ತದೆ. ಇದನ್ನು ಪಲ್ಲವಿಗೆ ಹೇಳಿಕೊಡಬೇಕು ಎಂದು ಗೊಣಗುತ್ತ ಸಪ್ಪೆಯದನ್ನು ಅರೆಯಲು ಇಟ್ಟೆ.